ಕಂಬಂ ಕಣಿವೆಯ ಗಾಲಿಗಳು: ಹಳಿಯಿಂದ ಗಾಳಿಗೆ

ನಮ್ಮ ವಾಚನಾಲಯದ ಮೇಷ್ಟ್ರು ಈ ಸಲದ ಪುಸ್ತಕಕ್ಕೆ ಚರಿತ್ರೆ ಬರೀರಿ ಅಂದಾಗ ನನಗೆ ನಗು ಬಂತು. ಚರಿತ್ರೆ ಅಂದರೆ ರಾಜರದ್ದು, ದಂಡಿನದ್ದು ಅಂತಲೇ ನಾನು ತಿಳಕೊಂಡಿದ್ದವನು. ಓದಿದ್ದು ತಮಿಳು ಶಾಲೆಯಲ್ಲಿ ಏಳನೇ ಕ್ಲಾಸು. ಕನ್ನಡ ಮಾತು ಮನೆಯದು, ಅಕ್ಷರ ಮಾತ್ರ ಹಾಡು ಬರಕೊಳ್ಳೋದಕ್ಕೆ ಅಂತ ಆಮೇಲೆ ಕಲಿತದ್ದು. "ನಿಮ್ಮಪ್ಪ ಗಾಡಿ ಹೊಡೀತಿದ್ದರಲ್ಲ, ಅದೇ ಚರಿತ್ರೆ, ಅದನ್ನೇ ಬರೀರಿ" ಅಂದರು ಮೇಷ್ಟ್ರು. ಹಂಗಾದರೆ ಗಾಲಿಯ ವಿಷಯ ಬರೀತೀನಿ. ಗಾಲಿ ವಿಷಯದಲ್ಲಿ ನಾನು ಹೇಳಲೇಬೇಕಾದ ಒಂದು ಮಾತು ಇಪ್ಪತ್ತು ವರ್ಷದಿಂದ ಎದೆಯಲ್ಲಿ ಉಳಿದಿದೆ. ಅದು ಕಡೆಗೆ ಬರುತ್ತೆ.

ಗೊತ್ತಿಲ್ಲದವರಿಗೆ ಮೊದಲು ಊರಿನ ಪರಿಚಯ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಪಡುವಣ ಬೆಟ್ಟಕ್ಕೆ ಆತುಕೊಂಡು ಕಂಬಂ ಕಣಿವೆ ಇದೆ. ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು ಎಲ್ಲಾ ಒಂದೇ ದಾರಿಯ ಮೇಲೆ ಸಾಲಾಗಿ ಸಿಗುತ್ತವೆ. ಗೂಡಲೂರು ದಾಟಿ ಘಾಟಿ ಹತ್ತಿದರೆ ಕುಮಿಳಿ, ಅಲ್ಲಿಂದಾಚೆ ಕೇರಳ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮಂಥ ಒಕ್ಕಲು ಜನ ತಲೆತಲಾಂತರದಿಂದ ಇದ್ದೀವಿ. ನಮ್ಮ ಹಿರೀಕರು ಬರುವಾಗ ದನಗಳನ್ನು ಹೊಡಕೊಂಡು ಬಂದರು ಅನ್ನೋದು ನಮ್ಮ ಮನೆಗಳಲ್ಲಿ ಹೇಳುವ ಮಾತು. ಕಂಬಂನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದೇವರ ದನದ ದೊಡ್ಡಿ ಇವತ್ತಿಗೂ ಇದೆ. ಆ ದನಗಳಿಗೆ ನೊಗ ಹಾಕೋದಿಲ್ಲ. ಮಾಟ್ಟುಪೊಂಗಲ್ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅದು ದೇವರ ದನದ ಮಾತಾಯ್ತು. ನೊಗ ಹೊತ್ತ ದನಗಳ ಮಾತು ಬೇರೆ.

ನಮ್ಮಪ್ಪನ ಗಾಡಿ ಮರದ ಗಾಲಿಯದು. ಗುಂಬ, ಅರೆಗಳು, ಹೊರಗಡೆ ಮರದ ಸುತ್ತು, ಅದರ ಮೇಲೆ ಕಬ್ಬಿಣದ ಹಳಿ. ಹಳಿ ಕಟ್ಟುವ ದಿನ ಕುಲುಮೆ ಮುಂದೆ ಹುಡುಗರಿಗೆಲ್ಲ ಹಬ್ಬ. ಹಳಿಯನ್ನು ಗಾಲಿಗಿಂತ ಕೂದಲೆಳೆ ಚಿಕ್ಕದಾಗೇ ಬಡಿದಿರುತ್ತಾರೆ. ಬೆರಣಿ ಒಟ್ಟಿ ಬೆಂಕಿ ಹಾಕಿ ಅದನ್ನು ಕೆಂಪಗೆ ಕಾಯಿಸುತ್ತಾರೆ. ಕಾದಾಗ ಅದು ಹಿಗ್ಗುತ್ತೆ. ಇಬ್ಬರು ಮೂವರು ಇಕ್ಕಳ ಹಿಡಿದು ಎತ್ತಿ ಗಾಲಿಗೆ ಕೂರಿಸಿ, ಸುತ್ತಿಗೆಯಲ್ಲಿ ಬಡಿದು, ಮರ ಹೊತ್ತಿಕೊಳ್ಳೋ ಮೊದಲೇ ನೀರು ಸುರೀತಾರೆ. ಬುಸ್ಸಂತ ಹೊಗೆ ಎದ್ದು, ಹಳಿ ಕುಗ್ಗಿ, ಅರೆಗಳೆಲ್ಲ ಗುಂಬದೊಳಕ್ಕೆ ಕಿರಕ್ಕಂತ ಬಿಗಿಯುತ್ತವೆ. ಬೇಸಿಗೆ ಬಂದರೆ ಮರ ಒಣಗಿ ಕುಗ್ಗಿ ಹಳಿ ಸಡಿಲ ಆಗುತ್ತೆ. ಆಗ ಗಾಲಿ ಬಿಚ್ಚಿ ಕಾಲುವೆ ನೀರಲ್ಲಿ ನೆನೆಹಾಕಬೇಕು.

ನಮ್ಮಪ್ಪ ದಿನಾ ಬೆಳಗಿನ ಜಾವ ಗಾಡಿ ಕಟ್ಟೋ ಮೊದಲು ಬಾರುಕೋಲಿನ ಹಿಡಿಯಲ್ಲಿ ಹಳಿಯನ್ನು ನಾಲ್ಕು ಕಡೆ ತಟ್ಟುತ್ತಿದ್ದರು. ಬಿಗಿಯಾಗಿದ್ದರೆ ಟಣ್ ಅನ್ನುತ್ತೆ, ಸಡಿಲವಿದ್ದರೆ ದಬ್ ಅನ್ನುತ್ತೆ. ಆಮೇಲೆ ಕಡಾಣಿ ಅಲ್ಲಾಡಿಸಿ ನೋಡೋದು, ಕೀಲೆಣ್ಣೆ ಬಿಡೋದು. ಇಷ್ಟು ಆಗದೆ ನೊಗ ಎತ್ತುತ್ತಿರಲಿಲ್ಲ. ಒಂದುವೇಳೆ ಮರೆತರೂ ಗಾಲಿಯೇ ನೆನಪು ಮಾಡುತ್ತಿತ್ತು. ಎಣ್ಣೆ ಕಮ್ಮಿಯಾದರೆ ಅರಚುತ್ತೆ, ಹಳಿ ಸಡಿಲಾದರೆ ಗಡಗಡ ಅನ್ನುತ್ತೆ. ಮರದ ಗಾಲಿ ತನ್ನ ಕಷ್ಟ ಊರಿಗೇ ಕೇಳೋ ಹಂಗೆ ಹೇಳಿಕೊಳ್ಳುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂಥ ಹಳಿ ಗಾಲಿಗಳೇ ನಮ್ಮ ಕಣಿವೆಗೆ ನೀರು ತಂದವು ಅಂದರೆ ಸುಳ್ಳಲ್ಲ. ಪೆರಿಯಾರ್ ಅಣೆಕಟ್ಟು ಕಟ್ಟೋ ಕೆಲಸ 1887ರಲ್ಲಿ ಶುರುವಾಗಿ 1895ರಲ್ಲಿ ಮುಗೀತು. ಕಟ್ಟಿಸಿದವರು ಪೆನ್ನಿಕ್ವಿಕ್ ದೊರೆ. ಅವರ ಹೆಸರನ್ನು ಮಕ್ಕಳಿಗೆ ಇಡುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆಗ ಕಣಿವೆಗೆ ರೈಲು ಇರಲಿಲ್ಲ. ಹತ್ತಿರದ ನಿಲ್ದಾಣ ಅಂದರೆ ದಿಂಡಿಗಲ್ ಕಡೆಯ ಅಮ್ಮಯನಾಯಕ್ಕನೂರು, ಈಗ ಕೊಡೈ ರೋಡ್ ಅಂತಾರಲ್ಲ, ಅದು. ಅಲ್ಲಿ ಇಳಿದ ಸಾಮಾನು ಎತ್ತಿನ ಗಾಡಿಯ ಮೇಲೆ ಕಣಿವೆಯ ಉದ್ದಕ್ಕೂ ಬಂದು ಘಾಟಿಯ ಬುಡ ಸೇರಬೇಕಿತ್ತು. ಪೆನ್ನಿಕ್ವಿಕ್ಕರಿಗೆ ಮಂಟಪ ಕಟ್ಟಿದ್ದೀವಿ, ಪೊಂಗಲ್ ಇಡುತ್ತೀವಿ, ಅದು ಸರಿಯೇ. ಆ ಗಾಡಿಯವರ ಹೆಸರು ಮಾತ್ರ ಎಲ್ಲೂ ಕಾಣೆ.

ಈಗ ರಬ್ಬರಿನ ಮಾತಿಗೆ ಬರೋಣ. ರಬ್ಬರ್ ಹಾಲಿಗೆ ಗಂಧಕ ಕೂಡಿಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ, ಚಳಿಗೆ ಒಡೆಯದೆ ಗಟ್ಟಿ ನಿಲ್ಲುತ್ತೆ ಅಂತ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, 1839ರಲ್ಲಿ. ರಬ್ಬರಿನೊಳಗೆ ಗಾಳಿ ತುಂಬಿ ಗಾಲಿಗೆ ಸುತ್ತೋ ಯೋಚನೆಯನ್ನು ರಾಬರ್ಟ್ ಥಾಮ್ಸನ್ ಅನ್ನೋರು 1845ರಲ್ಲೇ ಮಾಡಿದ್ದರು, ಅದು ನಡೆಯಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಡನ್‌ಲಪ್ ಅನ್ನೋರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ಟ್ಯೂಬು ಕಟ್ಟಿಕೊಟ್ಟರು, ಅದು ಲೋಕಕ್ಕೆಲ್ಲ ಹಬ್ಬಿತು. ಈ ಡನ್‌ಲಪ್ ಯಾರು ಗೊತ್ತೋ? ದನದ ಡಾಕ್ಟರು! ಇದು ಗೊತ್ತಾದ ದಿನ ನನಗೆ ಬಹಳ ಖುಷಿ ಆಯ್ತು. ದನದ ಹೆಗಲು ನೋಡಿದವರಿಗೇ ಗಾಲಿಯ ನೋವು ತಿಳಿಯುತ್ತೆ ಅಂತ ಹಾಡಿನ ಮಧ್ಯೆ ಎಷ್ಟೋ ಕಡೆ ಹೇಳಿದ್ದೀನಿ.

ಇನ್ನೊಂದು ಸಂಗತಿ. ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಅಂತ ರಬ್ಬರ್ ತೋಟ ಮೊದಲು ಹಾಕಿದ್ದು 1902ರಲ್ಲಿ, ಕೇರಳದ ತಟ್ಟೇಕಾಡಿನಲ್ಲಿ, ಪೆರಿಯಾರ್ ಹೊಳೆಯ ದಂಡೆಯ ಮೇಲೆ. ನಮ್ಮ ಗದ್ದೆಗೆ ಅಣೆಕಟ್ಟಿನಿಂದ ತಿರುಗಿ ಬರುವ ನೀರೂ ಅದೇ ಹೊಳೆಯದು. ಬೆಟ್ಟದ ಈ ಕಡೆ ಭತ್ತ, ಆ ಕಡೆ ರಬ್ಬರು.

ನಮ್ಮ ಕಡೆ ಮೋಟಾರು ಅಂದರೆ ಮೊದಲು ಟಿ.ವಿ.ಎಸ್. ಬಸ್ಸು. ಸುಂದರಂ ಅಯ್ಯಂಗಾರರು 1911ರಲ್ಲಿ ಶುರು ಮಾಡಿದ ಕಂಪನಿ ಅದು, ಮದುರೆಯಲ್ಲಿ ಬೇರು ಬಿಟ್ಟದ್ದು. ಆಗ ರಸ್ತೆ ತುಂಬ ಎತ್ತಿನ ಗಾಡಿಗಳೇ. ಎತ್ತಿನ ಕಾಲಿಗೆ ಹೊಡೆದ ಲಾಳದ ಮೊಳೆ ಸವೆದು ದಾರಿಯಲ್ಲಿ ಉದುರೋದು, ಬಸ್ಸಿನ ಟೈರಿಗೆ ಚುಚ್ಚಿ ಪಂಚರ್ ಆಗೋದು. ಅದಕ್ಕೆ ಅಯ್ಯಂಗಾರರು ಗಾಡಿಗೆ ಅಯಸ್ಕಾಂತ ಕಟ್ಟಿಸಿ, ರಸ್ತೆ ಮೇಲೆ ಓಡಿಸಿ ಮೊಳೆ ಆಯಿಸುತ್ತಿದ್ದರು ಅಂತ ಹೇಳುತ್ತಾರೆ. ಎತ್ತಿನ ಗಾಡಿಗೂ ಮೋಟಾರಿಗೂ ನಡೆದ ಮೊದಲ ಜಗಳ ಒಂದು ಮೊಳೆಯದು ಅನ್ನಿ.

ಆಮೇಲೆ ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಮಲಯ, ಸಿಂಗಪುರ ಎಲ್ಲಾ ಜಪಾನಿನವರ ಕೈಗೆ ಹೋದವು. ಲೋಕದ ರಬ್ಬರಿನ ಬಹುಪಾಲು ಆ ಸೀಮೆಯದು. ಟೈರು ಸಿಗೋದು ಚಿನ್ನ ಸಿಕ್ಕಿದ ಹಂಗಾಯ್ತು. ಪೆಟ್ರೋಲಿಗೂ ತತ್ವಾರ ಬಂದು ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡಿದವು. ಹಳೇ ಟೈರಿನ ಮೈ ಉಳಿಸಿಕೊಂಡು ಮೇಲೆ ಹೊಸ ರಬ್ಬರ್ ಹಾಕಿಸೋ ಕೆಲಸಕ್ಕೆ ಬೆಲೆ ಬಂತು. ಯುದ್ಧ ಮುಗಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಇವತ್ತು ಕ್ರಿಕೆಟ್ ಬ್ಯಾಟಿನ ಮೇಲೆಲ್ಲ ಹೆಸರು ಕಾಣುವ ಎಂ.ಆರ್.ಎಫ್. ಕಂಪನಿ 1946ರಲ್ಲಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ಮಕ್ಕಳ ಬಲೂನು ಮಾಡಿಕೊಂಡು ಶುರುವಾದದ್ದು. 1952ರಲ್ಲಿ ಅವರು ಮೊದಲು ಕೈಹಾಕಿದ್ದು ಹೊಸ ಟೈರಿಗಲ್ಲ, ಹಳೇ ಟೈರಿಗೆ ಹಾಕುವ ಈ ಮೇಲ್‌ರಬ್ಬರಿಗೆ. ಬಡವರ ದೇಶದಲ್ಲಿ ಅದೇ ಮೊದಲು ಬೇಕಾದದ್ದು. ಸರಿಯಾಗಿ ಮಾಡಿದ ರೀಸೋಲ್ ಟೈರನ್ನು ನಾನು ಹೀಯಾಳಿಸೋದಿಲ್ಲ, ಲಾರಿಯವರು ಅದರಲ್ಲೇ ಬದುಕಿದ್ದಾರೆ. ನಾನು ಹೇಳೋದು ಬೇರೆ ಕಳ್ಳಕೆಲಸ. ಬೋಳು ಟೈರಿಗೆ ಕಾದ ಚಾಕುವಿನಲ್ಲಿ ಗೀರು ಹಾಕಿ ಹೊಸದರ ಹಂಗೆ ಕಾಣಿಸೋದು. ಉಳಿದಿರೋ ಚೂರು ರಬ್ಬರನ್ನೂ ಕೊಯ್ದು ಒಳಗಿನ ದಾರ ಮುಟ್ಟುತ್ತಾರೆ. ನೋಡೋಕೆ ಗೆರೆ ಇರುತ್ತೆ, ಮೈಯಲ್ಲಿ ಶಕ್ತಿ ಇರೋದಿಲ್ಲ.

ಎತ್ತಿನ ಗಾಡಿಗೂ ಗಾಳಿ ಟೈರು ಬಂತು. ನಮ್ಮ ಮನೆಗೆ ಟೈರ್ ಗಾಡಿ ಬಂದಾಗ ನಾನು ಇನ್ನೂ ಮೀಸೆ ಬಾರದ ಹುಡುಗ. ಎತ್ತುಗಳಿಗೆ ಅದು ದೊಡ್ಡ ಪುಣ್ಯ. ಅದೇ ಭಾರ ಅರ್ಧ ಶ್ರಮದಲ್ಲಿ ಎಳೆದ ಹಂಗೆ ನಡೆಯುತ್ತಿದ್ದವು. ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ ಅನ್ನೋರು ಎತ್ತಿನ ಗಾಡಿಯನ್ನು ಸುಧಾರಿಸಬೇಕು, ಎತ್ತಿನ ಕೊರಳ ಭಾರ ಇಳಿಸಬೇಕು ಅಂತ ವರ್ಷಗಟ್ಟಲೆ ದುಡಿದರು. ಅಷ್ಟು ಓದಿದವರು ಗಾಡಿಯ ಹಿಂದೆ ನಡೆದರು ಅನ್ನೋದೇ ನಮ್ಮಂಥವರಿಗೆ ಗೌರವ.

ಒಂದು ಮಾತ್ರ ಹೋಯಿತು. ಹಳಿ ಗಾಲಿಯ ಸದ್ದೇ ಗಾಡಿ ಹಾಡಿಗೆ ತಾಳ. ಕಲ್ಲು ದಾರಿಯ ಮೇಲೆ ಗಡಕ್ ಗಡಕ್ ಅಂತ ಅದು ಹೋಗುತ್ತಿದ್ದರೆ ನಮ್ಮಪ್ಪನ ಹಾಡು ಅದರ ಮೇಲೆ ಕೂತು ಸವಾರಿ ಮಾಡುತ್ತಿತ್ತು. ಟೈರ್ ಗಾಡಿಯಲ್ಲಿ ಅವರು ಒಂದೆರಡು ಸಲ ಎತ್ತಿದರು, ನಿಲ್ಲಿಸಿದರು. "ಇದು ಮಾತಾಡಲ್ಲ ಕಣೋ" ಅಂದರು. ನಾನು ಹಾಡಿಗಾಗಿ ಹೇಳಿದರು ಅಂದುಕೊಂಡೆ. ಅದು ಬರೀ ಹಾಡಿನ ಮಾತಲ್ಲ ಅಂತ ತಿಳಿಯೋಕೆ ಬಹಳ ದಿನ ಹಿಡೀತು.

ಈಗ ಜೀಪಿನ ಕಾಲ. ನಮ್ಮ ಕಣಿವೆಯ ಊರೂರಿಂದ ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆಲ್ಲ ಜೀಪುಗಳು ಹೊರಡುತ್ತವೆ. ಊಟದ ಡಬ್ಬಿ ಹಿಡಿದ ಹೆಂಗಸರು ಅವುಗಳಲ್ಲಿ ಒತ್ತಾಗಿ ಕೂತು ಕಂಬಂ ಮೆಟ್ಟು, ಕುಮಿಳಿ, ಬೋಡಿ ಮೆಟ್ಟು ದಾರಿಯಲ್ಲಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ, ಸಂಜೆಗೆ ಇಳಿಯುತ್ತಾರೆ. ಬೋಡಿ ಮೆಟ್ಟಿನಲ್ಲಿ ಹದಿನೇಳು ಹೇರ್‌ಪಿನ್ ತಿರುವು. ಈ ದಾರಿಗಳ ಒಂದು ಗುಣ ಹೊರಗಿನವರಿಗೆ ಗೊತ್ತಿರಲ್ಲ. ನಮ್ಮ ಕಣಿವೆ ಬೆಟ್ಟದ ಮರೆಯಲ್ಲಿದೆ. ಆಡಿ ತಿಂಗಳಲ್ಲಿ ಕೆಳಗೆ ಬರೀ ಗಾಳಿ, ಧೂಳು, ರಸ್ತೆ ಒಣಒಣ. ಮುಕ್ಕಾಲು ಗಂಟೆ ಮೇಲೆ ಹತ್ತಿದರೆ ಕೇರಳದ ಮಳೆ ಧೋ ಅಂತ ಸುರೀತಿರುತ್ತೆ. ಒಣ ರಸ್ತೆಯಲ್ಲಿ ಬೋಳು ಟೈರೂ ಚೆನ್ನಾಗೇ ಹಿಡಿಯುತ್ತೆ. ಅದೇ ಮೋಸ. ಕೆಳಗೆ ಬ್ರೇಕ್ ಹಾಕಿ ನೋಡಿ "ಎಲ್ಲಾ ಸರಿ ಇದೆ" ಅಂದುಕೊಂಡ ಡ್ರೈವರಿಗೆ ಮೇಲಿನ ಮೊದಲ ನೆನೆದ ತಿರುವಿನಲ್ಲೇ ನಿಜ ಗೊತ್ತಾಗೋದು.

ಟೈರಿನ ಮೇಲಿನ ಹಳ್ಳಗೆರೆಗಳು ಅಂದಕ್ಕಿರೋದಲ್ಲ. ಅವು ಕಾಲುವೆ. ನಾವು ಗದ್ದೆಯ ನೀರು ಬಸಿಯೋಕೆ ಕಾಲುವೆ ತೆಗೆಯೋದಿಲ್ಲವೇ, ಹಂಗೆ. ಗಾಲಿ ಉರುಳುವಾಗ ರಸ್ತೆಯ ನೀರು ಆ ಗೆರೆಗಳಲ್ಲಿ ಪಕ್ಕಕ್ಕೆ ಹರಿದು ಹೋಗಬೇಕು, ಆಗ ರಬ್ಬರು ರಸ್ತೆಯನ್ನು ಮುಟ್ಟುತ್ತೆ. ಗೆರೆ ಸವೆದುಹೋದರೆ ನೀರಿಗೆ ದಾರಿ ಇಲ್ಲ, ಗಾಲಿ ನೀರಿನ ಮೇಲೇ ತೇಲಿಬಿಡುತ್ತೆ. ಆಗ ಸ್ಟೇರಿಂಗ್ ತಿರುಗಿಸಿದರೂ ಅಷ್ಟೆ, ಬ್ರೇಕ್ ತುಳಿದರೂ ಅಷ್ಟೆ.

ಇಪ್ಪತ್ತು ವರ್ಷದ ಹಿಂದಿನ ಆಡಿ ತಿಂಗಳು. ಮೇಲೆ ಒಂದು ತೋಟದ ಕೂಲಿ ಲೈನಿನಲ್ಲಿ ನಮ್ಮವರ ಮನೆ ಮದುವೆ, ಹಾಡೋಕೆ ಕರೆದಿದ್ದರು. ಕೂಲಿಯವರು ಹೋಗೋ ಜೀಪಿನಲ್ಲೇ ಹತ್ತಿದೆ. ಹತ್ತೋ ಮೊದಲು, ಯಾಕೋ ಏನೋ, ನಮ್ಮಪ್ಪನ ಅಭ್ಯಾಸ ಕೈಗೆ ಬಂದು ಹಿಂದಿನ ಟೈರನ್ನು ಅಂಗೈಯಲ್ಲಿ ಸವರಿದೆ. ನೀರಿನ ಕೊಡದ ಹೊಟ್ಟೆಯ ಹಂಗೆ ನುಣ್ಣಗಿತ್ತು. ಡ್ರೈವರ್ ಹುಡುಗ ನೋಡಿ ನಕ್ಕು "ಓಡುತ್ತೆ ಹತ್ತಿ ದೊಡ್ಡಪ್ಪಾ" ಅಂದ. ನಾನೂ ನಕ್ಕೆ, ಹತ್ತಿದೆ. ಆವತ್ತು ಏನೂ ಆಗಲಿಲ್ಲ. ಮಾರನೇ ವಾರ ಅದೇ ಜೀಪು ಮಳೆಯಲ್ಲಿ ಇಳಿಯುತ್ತಾ ತಿರುವಿನಲ್ಲಿ ಜಾರಿ ಕಲ್ಲಿನ ಗೋಡೆಗೆ ಬಡೀತು. ಹಿಂದೆ ಕೂತಿದ್ದವರಲ್ಲಿ ನಮ್ಮ ಅಕ್ಕನ ಮಗಳೂ ಇದ್ದಳು. ಜೀವ ಉಳೀತು. ಬಲಗಾಲು ಎರಡು ಕಡೆ ಮುರೀತು, ಈಗಲೂ ಒಂದು ಕಾಲು ಎಳೆದು ನಡೀತಾಳೆ. ಮುಂದೆ ಅವಳು ಬೆಟ್ಟಕ್ಕೆ ಕೂಲಿಗೆ ಹೋಗಲಿಲ್ಲ.

ಅವಳು ಆ ಜೀಪಿನಲ್ಲೇ ದಿನಾ ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು. ಟೈರು ಬೋಳು ಅಂತಲೂ ಗೊತ್ತಿತ್ತು. ಹೇಳಲಿಲ್ಲ. ಊರ ಹುಡುಗ, ಸಾಲ ಮಾಡಿ ಜೀಪು ತಗೊಂಡವನು, ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು ಅಂತ ಅನ್ನಿಸಿತ್ತು. ಅಕ್ಕನಿಗೂ ಈ ಮಾತು ನಾನು ಹೇಳಿರಲಿಲ್ಲ. ಈ ಪುಸ್ತಕಕ್ಕೆ ಬರೆಯೋ ಮೊದಲು ಹೋಗಿ ಹೇಳಿ ಬಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಕಾಫಿ ಕೊಟ್ಟಳು.

ಕಾನೂನು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಟೈರಿನ ಗೆರೆಯ ಆಳಕ್ಕೆ ಲೆಕ್ಕ ಇಟ್ಟಿದ್ದಾರೆ. ಕಾರು, ಜೀಪು, ಬಸ್ಸು, ಲಾರಿಗೆ 1.6 ಮಿಲಿಮೀಟರಿಗಿಂತ ಕಮ್ಮಿ ಆಗಬಾರದು. ಬೈಕು, ಆಟೋಗೆ 0.8. ಹೊಸ ಕಾರಿನ ಟೈರಿನಲ್ಲಿ ಸುಮಾರು 8 ಮಿಲಿಮೀಟರು ಇರುತ್ತೆ. ಅಳೆಯೋಕೆ ಸಾಧನ ಬೇಕಾಗಿಲ್ಲ. ಟೈರಿನ ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತೋ, ಟಿ.ಡಬ್ಲ್ಯು.ಐ. ಅನ್ನೋ ಮೂರು ಇಂಗ್ಲಿಷ್ ಅಕ್ಷರವೋ ಇರುತ್ತೆ. ಅದರ ನೇರಕ್ಕೆ ಗೆರೆಯೊಳಗೆ ನೋಡಿದರೆ ಗದ್ದೆಯ ಬದುವಿನ ಹಂಗೆ ಒಂದು ಚಿಕ್ಕ ಅಡ್ಡಗಟ್ಟು ಕಾಣುತ್ತೆ. ಮೇಲಿನ ರಬ್ಬರು ಸವೆದು ಆ ಬದುವಿನ ಸಮಕ್ಕೆ ಬಂತು ಅಂದರೆ ಆ ಟೈರಿನ ಕಾಲ ಮುಗೀತು. ನಾನು ಇನ್ನೂ ಸುಲಭದ್ದು ಮಾಡುತ್ತೀನಿ. ಬೆಂಕಿಕಡ್ಡಿಯ ದಪ್ಪ ಹೆಚ್ಚುಕಮ್ಮಿ 2 ಮಿಲಿಮೀಟರು. ಕಡ್ಡಿಯನ್ನು ಗೆರೆಯೊಳಗೆ ಮಲಗಿಸಿದರೆ ಪೂರಾ ಮುಳುಗಬೇಕು. ಮುಳುಗದೆ ಮೇಲೆ ಎದ್ದು ನಿಂತರೆ ಘಾಟಿ ಹತ್ತೋ ಗಾಡಿಯಲ್ಲ ಅದು. ಒಂದು ಕಡೆ ನೋಡಿ ಸುಮ್ಮನಾಗಬೇಡಿ, ಒಳಗಿನ ಅಂಚು, ನಡು, ಹೊರಗಿನ ಅಂಚು ಮೂರೂ ನೋಡಿ.

ಸವೆತ ನೋಡಿದರೆ ಗಾಳಿಯ ಕಥೆಯೂ ತಿಳಿಯುತ್ತೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಾರೆ. ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಹೆಚ್ಚು. ಒಂದೇ ಪಕ್ಕ ಸವೆದಿದ್ದರೆ ಗಾಲಿಯೇ ಓರೆ ಕೂತಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಹೆಚ್ಚಿನ ಜನಕ್ಕೆ ಗಾಳಿ ಹೆಚ್ಚಾದರೆ ಸಿಡಿಯುತ್ತೆ ಅನ್ನೋ ಹೆದರಿಕೆ, ಕಮ್ಮಿಯಾದರೆ ಅಡ್ಡಿಯಿಲ್ಲ ಅಂತ ಧೈರ್ಯ. ತಿರುಗುಮುರುಗು ತಿಳಕೊಂಡಿದ್ದಾರೆ. ಗಾಳಿ ಕಮ್ಮಿಯಾದ ಟೈರಿನ ಪಕ್ಕ ಒಂದೊಂದು ಸುತ್ತಿಗೂ ಮಡಿಚಿ ಮಡಿಚಿ ಏಳುತ್ತೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ನೋಡಿ, ಬಿಸಿಯಾಗುತ್ತೆ, ಕಡೆಗೆ ಮುರಿಯುತ್ತೆ. ಟೈರೂ ಹಂಗೇ. ಎಂಟು ಜನರ ಜಾಗದಲ್ಲಿ ಹದಿನೈದು ಜನ ಕೂತರೆ ಕೇಳೋದೇ ಬೇಡ.

ಗಾಳಿ ನೋಡೋದು ಗಾಡಿ ಹೊರಡೋ ಮೊದಲು, ಟೈರು ತಣ್ಣಗಿರುವಾಗ. ಓಡಿ ಬಂದ ಟೈರಿನಲ್ಲಿ ಗಾಳಿ ಕಾದು ನಾಲ್ಕೈದು ಪೌಂಡು ಹೆಚ್ಚು ತೋರಿಸುತ್ತೆ. ಹೆಚ್ಚಿದೆ ಅಂತ ಅಲ್ಲಿ ಬಿಟ್ಟುಬಿಟ್ಟರೆ ಬೆಳಗ್ಗೆ ತಣ್ಣಗಾದಾಗ ಕಮ್ಮಿ ಬಿದ್ದಿರುತ್ತೆ. ಎಷ್ಟು ಇರಬೇಕು ಅಂತ ಪಂಚರ್ ಅಂಗಡಿಯವನನ್ನು ಕೇಳಬೇಕಾಗಿಲ್ಲ, ಕಾರಿನಲ್ಲಾದರೆ ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಚೀಟಿ ಅಂಟಿಸಿರುತ್ತಾರೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 30ರಿಂದ 35 ಪೌಂಡು, ತುಂಬ ಜನ ಕೂತರೆ ಎಷ್ಟು ಅಂತ ಬೇರೆ ಬರೆದಿರುತ್ತೆ. ಪಂಚರ್ ಇಲ್ಲದ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪೌಂಡು ತಾನಾಗೇ ಇಳಿಯುತ್ತೆ. ಹದಿನೈದು ದಿನಕ್ಕೊಂದು ಸಲ ನೋಡಿದರೆ ಸಾಕು, ಸ್ಟೆಪ್ನಿಯನ್ನೂ ಸೇರಿಸಿ. ಸ್ಟೆಪ್ನಿ ಬೇಕಾದ ದಿನವೇ ಅದರಲ್ಲಿ ಗಾಳಿ ಇಲ್ಲ ಅಂತ ಗೊತ್ತಾಗೋದು ನಮ್ಮೂರ ಪದ್ಧತಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕು ಅಂತ ನಿಯಮವೇ ಇದೆ, ನಾಚಿಕೆ ಪಡದೆ ಕೇಳಿ.

ನಾನು ಈಗ ಹಾಡಿನ ಪುಸ್ತಕದ ಚೀಲದಲ್ಲೇ ಒಂದು ಗಾಳಿ ನೋಡೋ ಗೇಜು ಇಟ್ಟುಕೊಂಡಿದ್ದೀನಿ. ಮೇಳಕ್ಕೆ ವ್ಯಾನ್ ಬಂದರೆ ಮೊದಲು ಸುತ್ತ ಒಂದು ಸಲ ನಡೀತೀನಿ, ಬೆಂಕಿಕಡ್ಡಿ ತೆಗೀತೀನಿ. ಹುಡುಗರು ನಗುತ್ತಾರೆ, "ಹಳಿ ತಟ್ಟೋಕೆ ಹೊರಟರು" ಅನ್ನುತ್ತಾರೆ. ಕಳೆದ ತೈ ತಿಂಗಳಲ್ಲಿ ದಿಂಡಿಗಲ್ ಕಡೆ ಹಾಡೋಕೆ ಹೊರಟಾಗ ಒಂದು ವ್ಯಾನನ್ನು ವಾಪಸು ಕಳಿಸಿದೆ. ಎರಡು ಗಂಟೆ ತಡ ಆಯ್ತು, ಕರೆದವರು ಮುನಿಸಿಕೊಂಡರು. ಬೇರೆ ವ್ಯಾನ್ ಬಂದಾಗ ಅಕ್ಕನ ಮಗಳೇ ಕುಂಟುತ್ತಾ ಬಂದು ಹಿಂದಿನ ಟೈರನ್ನು ಅಂಗೈಯಲ್ಲಿ ಸವರಿ ನೋಡಿ, "ಹತ್ತಿ ಮಾವಾ" ಅಂದಳು.